ತಲೆಯೊಳಗಿನ ನೀಲಿ ಜಾಗ

ಪಾಠ ಕೇಳುತ್ತಿರುವಾಗ ಹೊರಗೆ ದಢಾರ್ ಅಂತ ಏನಾದರೂ ಬಿದ್ದರೆ ನಾವೆಲ್ಲ ಒಟ್ಟಿಗೇ ಕತ್ತು ತಿರುಗಿಸ್ತೀವಲ್ಲ, ಅದರಲ್ಲಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕದ ಕೈವಾಡವಿದೆ. ಇದು ನರಗಳಲ್ಲಿ ಸುದ್ದಿ ಮುಟ್ಟಿಸುತ್ತದೆಂದು 1946ರಲ್ಲಿ ತೋರಿಸಿದವರು ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್. 1970ರಲ್ಲಿ ಅವರಿಗೆ ನೊಬೆಲ್ ಬಂತು.

ಮೆದುಳಿನ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಜಾಗವಿದೆ. ಹೆಸರು ಲೋಕಸ್ ಸೆರೂಲಿಯಸ್, ಲ್ಯಾಟಿನ್ನಿನಲ್ಲಿ ನೀಲಿ ಜಾಗ ಎಂದರ್ಥ. ಅಲ್ಲಿಂದ ಹೊರಟ ನರಗಳು ಹೆಚ್ಚುಕಡಿಮೆ ಇಡೀ ಮೆದುಳಿಗೆ ನಾರ್‌ಅಡ್ರಿನಲಿನ್ ಹಂಚುತ್ತವೆ, ಒಂದೇ ತೂಬಿನಿಂದ ಊರ ಗದ್ದೆಗೆಲ್ಲ ನೀರು ಹೋದ ಹಾಗೆ. ಹೊಸದೇನಾದರೂ ಕಂಡರೆ ಅದು ಹೆಚ್ಚು ಹರಿಯುತ್ತದೆ. ಆಗ ಗಮನ ಚುರುಕಾಗಿ, ಕಲಿತದ್ದು ನೆನಪಿನಲ್ಲಿ ಕೂರುತ್ತದೆ. ತೂಕಡಿಸುವಾಗ ಹರಿವು ಕಡಿಮೆ. ಮಧ್ಯಾಹ್ನದ ಪೀರಿಯಡ್ಡು ಯಾಕೆ ತಲೆಗೆ ಹತ್ತೋದಿಲ್ಲ ಅಂತ ಗೊತ್ತಾಯಿತಲ್ಲ!

ಹಾಗಾದರೆ ಹೆದರಿಸಿದರೆ ಚೆನ್ನಾಗಿ ಕಲಿಯುತ್ತೇವೋ? 1908ರಲ್ಲಿ ಅಮೆರಿಕದ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳಿಗೆ ಕಪ್ಪು ಪೆಟ್ಟಿಗೆ ಬಿಟ್ಟು ಬಿಳಿಯದಕ್ಕೆ ಹೋಗುವುದನ್ನು ಕಲಿಸಿದರು. ತಪ್ಪಿದರೆ ಕರೆಂಟು ಶಾಕ್. ಪಾಪ! ಬೆಳಕು ಚೆನ್ನಾಗಿದ್ದಾಗ ಜೋರು ಶಾಕ್‌ಗೆ ಬೇಗ ಕಲಿತವು. ಬೆಳಕು ಕಡಿಮೆ ಮಾಡಿ ಗುರುತಿಸುವುದು ಕಷ್ಟವಾದಾಗ ಮಾತ್ರ ಜೋರು ಶಾಕ್ ತಿಂದವು ಹಿಂದೆ ಬಿದ್ದವು.

ಕಾರಣ ಈಗ ತಿಳಿದಿದೆ. ಲೆಕ್ಕದ ಹೆಜ್ಜೆಗಳನ್ನು ಹಿಡಿದಿಟ್ಟುಕೊಳ್ಳುವುದು ಹಣೆಯ ಹಿಂದಿನ ಮೆದುಳು. ಭಯದಲ್ಲಿ ನಾರ್‌ಅಡ್ರಿನಲಿನ್ ವಿಪರೀತವಾದರೆ ಅದರ ಹಿಡಿತ ಸಡಿಲವಾಗುತ್ತದೆ. ಬೋರ್ಡಿನ ಮುಂದೆ ನಿಲ್ಲಿಸಿ ಗದರಿದರೆ ನನಗೆ ಎರಡರ ಮಗ್ಗಿ ಬರುತ್ತದೆ, ಬೀಜಗಣಿತ ಬರೋದಿಲ್ಲ. ಮೇಷ್ಟ್ರುಗಳೂ ಓದಲಿ ಅಂತಲೇ ಈ ಭಾಗವನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.