ಹೊನ್ನಾವರದ ಅಳಿವೆ

ಶರಾವತಿಯ ಹೆಸರೆತ್ತಿದೊಡನೆ ನಮ್ಮ ಮನಸ್ಸು ಜೋಗದ ನೆತ್ತಿಗೆ ಏರಿಬಿಡುತ್ತದೆ. 253 ಮೀಟರು ಧುಮುಕಿದ ಆ ನದಿ ಅನಂತರ ಏನಾಯಿತೆಂದು ವಿಚಾರಿಸುವವರು ವಿರಳ. ಗೇರುಸೊಪ್ಪೆಯನ್ನು ದಾಟಿ, ತೆಂಗು ತುಂಬಿದ ಕುರ್ವೆಗಳನ್ನು ಬಳಸಿ, ಅದು ಹೊನ್ನಾವರದ ಬಳಿ ಕಡಲನ್ನು ಕೂಡುತ್ತದೆ. ಅಲ್ಲಿ ಅದರ ಹರವು ಎಷ್ಟೆಂದರೆ, ಕೊಂಕಣ ರೈಲುಮಾರ್ಗದ ಅತ್ಯಂತ ಉದ್ದದ ಸೇತುವೆಯನ್ನು ಅಲ್ಲಿಯೇ ಕಟ್ಟಬೇಕಾಯಿತು. ಎರಡು ಕಿಲೋಮೀಟರಿಗೂ ಮಿಗಿಲು!

ಈ ಅಳಿವೆಯೇ ಊರಿನ ಭಾಗ್ಯ. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿ ತಂಗಿದ್ದ ಮೊರಾಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತ, ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದುವೆಂದು ಬರೆದಿದ್ದಾನೆ. ಅಂದಿನ ಬಂದರಿನ ಐಶ್ವರ್ಯಕ್ಕೆ ಬೇರೆ ಸಾಕ್ಷಿ ಏಕೆ? ಮುಂದೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕರಿಮೆಣಸು ಹೊಳೆಯಿಳಿದು ಬಂದುದೂ ಈ ದಾರಿಯಲ್ಲೇ. 1505ರಲ್ಲಿ ಪೋರ್ಚುಗೀಸರ ಅಲ್ಮೇಡ ಬಂದರಿನ ಹಡಗುಗಳಿಗೆ ಕಿಚ್ಚಿಟ್ಟದ್ದೂ ಇಲ್ಲಿಯೇ.

ಬತೂತ ಬರೆದ ಇನ್ನೊಂದು ಮಾತುಂಟು. ಮಳೆಗಾಲದ ನಾಲ್ಕು ತಿಂಗಳು ಇಲ್ಲಿಯ ನೀರು ಎಷ್ಟು ಉಗ್ರವಾಗುತ್ತದೆಂದರೆ, ಮೀನು ಹಿಡಿಯುವುದಕ್ಕಲ್ಲದೆ ಯಾರೂ ದೋಣಿ ಇಳಿಸಲಾರರಂತೆ. ಸುಮಾರು ಏಳು ಶತಮಾನಗಳು ಕಳೆದರೂ ಆ ಮಾತು ಹಳತಾಗಿಲ್ಲ. ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗಲೂ ಹೊರಡುವುವು ನಾಡದೋಣಿಗಳು ಮಾತ್ರ. ಅವುಗಳವರಿಗೆ ಅಳಿವೆಯನ್ನು ದಾಟುವುದೇ ದಿನದ ದೊಡ್ಡ ಸಾಹಸ.

ಪ್ರವಾಸಿಗೆ ಇದು ತಿಳಿಯುವುದೇ ಇಲ್ಲ. ಆತ ಬರುವುದು ಚಳಿಗಾಲದಲ್ಲಿ. ಎದುರು ದಡದ ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ‘ನೀಲಿ ಧ್ವಜ’ದ ಮನ್ನಣೆ ದೊರೆತಿದೆ, ಕಾಂಡ್ಲಾ ಕಾಡಿನ ನಡುವೆ ಮರದ ಹಾಸಿನ ಮೇಲೆ ನಡೆಯಬಹುದು, ಮಕ್ಕಳೊಡನೆ ದೋಣಿವಿಹಾರವನ್ನೂ ಮಾಡಬಹುದು. ಹಿನ್ನೀರು ಕನ್ನಡಿಯಂತಿರುತ್ತದೆ. ಆದರೆ ಅದೇ ಸುಖದ ದಿನಗಳಲ್ಲಿ, ಹೊಳೆಯ ಸೆಳೆತ ತಗ್ಗಿದಾಗ, ಅಲೆಗಳು ಹೊತ್ತು ತಂದ ಮರಳು ಅಳಿವೆಯ ಬಾಯಲ್ಲಿ ದಿಬ್ಬವಾಗಿ ಕೂಡುತ್ತದೆ. ಮೀನು ತುಂಬಿದ ದೋಣಿಗೆ ಉಬ್ಬರವಿಲ್ಲದೆ ಒಳಬರುವ ದಾರಿ ಕಷ್ಟ. ಉಬ್ಬರವೋ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನಮ್ಮ ಗಡಿಯಾರ ಅಲ್ಲಿ ನಿಷ್ಪ್ರಯೋಜಕ. ಅವಸರಪಟ್ಟು ದಿಬ್ಬಕ್ಕೆ ತಾಗಿದ ದೋಣಿಯನ್ನು ಹಿಂದಿನ ಅಲೆ ಮಗುಚಿಬಿಡಬಹುದು. ಮನೆ ಕಣ್ಣಿಗೆ ಕಾಣುತ್ತಿರುವಾಗಲೇ ಬರುವ ಈ ಗಂಡಾಂತರ ನಡುಗಡಲಿನದಕ್ಕಿಂತ ಘೋರವೆಂದು ನನಗೆ ತೋರುತ್ತದೆ.

ಆದುದರಿಂದ ಹೊನ್ನಾವರಕ್ಕೆ ಹೋಗುವವರು ಒಂದು ಉಬ್ಬರದ ಹೊತ್ತನ್ನಾದರೂ ಕಾಸರಕೋಡಿನ ಟೊಂಕದಲ್ಲಿ ಕಳೆಯಲಿ. ಹೊರಗೆ ಕಾದು ನಿಂತ ದೋಣಿಗಳು ಒಂದರ ಹಿಂದೊಂದು ದಿಬ್ಬವನ್ನು ತಪ್ಪಿಸಿ ಒಳಬರುತ್ತವೆ. ಬುಟ್ಟಿಗಳನ್ನು ಹಿಡಿದ ಹೆಂಗಸರು ದಡದಲ್ಲಿ ಅವುಗಳನ್ನು ಎಣಿಸುತ್ತಿರುತ್ತಾರೆ.