ಪಡಸಾಲೆಯ ಬೇಸಿಗೆ ಶಿಬಿರ

ಏಪ್ರಿಲ್ ತಿಂಗಳ ಮಧ್ಯಾಹ್ನ. ಹೊರಗೆ ಕಾಲಿಟ್ಟರೆ ಸುಡುವ ಬಿಸಿಲು. ಧಾರವಾಡ, ಗದಗ, ಬಾಗಲಕೋಟೆ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದಿದೆ, ಮುಂಗಾರಿಗೆ ಇನ್ನೂ ಸಮಯವಿದೆ. ಊಟ ಮುಗಿಸಿದ ಹೆಂಗಸರು ಪಡಸಾಲೆಯಲ್ಲಿ ಹಳೆಯ ಸೀರೆಯೊಂದನ್ನು ಹಾಸುತ್ತಾರೆ. ಅದರ ಸುತ್ತ ನಾಲ್ಕಾರು ಜನ ಕೂಡುತ್ತಾರೆ. ಅಟ್ಟದಿಂದ ಇಳಿಸಿದ ಗಂಟು ಬಿಚ್ಚಿದರೆ ಒಳಗೆ ಅಜ್ಜನ ಸವೆದ ಧೋತರ, ಅವ್ವನ ಹರಿದ ಇಳಕಲ್ ಸೀರೆ, ಕುಪ್ಪಸ ಹೊಲಿದು ಉಳಿದ ಖಣದ ಚೂರು, ಮಗ ಒಂದನೇ ಇಯತ್ತೆಗೆ ಹಾಕಿಕೊಂಡು ಹೋದ ಅಂಗಿ. ಸೂಜಿಗೆ ದಾರ ಪೋಣಿಸಿಕೊಡುವುದು ಕಣ್ಣು ಚುರುಕಾಗಿರುವ ಮೊಮ್ಮಗಳ ಕೆಲಸ. ಬಣ್ಣ ಆರಿಸಿಕೊಡುವುದು ಮೊಮ್ಮಗನ ಕೆಲಸ. ಸಂಜೆ ನೆರಳು ಉದ್ದವಾಗುವ ಹೊತ್ತಿಗೆ ಕೌದಿಯ ಒಂದು ಅಂಚು ಮೂಡಿರುತ್ತದೆ.

ಇದೂ ಒಂದು ಬೇಸಿಗೆ ಶಿಬಿರವೇ. ಬಾಗಿಲಿಗೆ ಬ್ಯಾನರ್ ಇಲ್ಲ, ಶುಲ್ಕವಿಲ್ಲ, ಕೊನೆಗೆ ಪ್ರಮಾಣಪತ್ರವಿಲ್ಲ. ಆದರೆ ಕೊನೆಯ ದಿನ ಕೈಯಲ್ಲಿ ಒಂದು ಹೊದಿಕೆ ಇರುತ್ತದೆ.

ಅಮೆರಿಕದಲ್ಲಿ ಹೊದಿಕೆ ಹೊಲಿಯುವ ಹವ್ಯಾಸಿಗಳು ಮನೆಗೆಲಸವನ್ನು ಬದಿಗಿಟ್ಟು ಮೂರು-ನಾಲ್ಕು ದಿನ ಒಂದೆಡೆ ಸೇರುವ ಶಿಬಿರಗಳು ನಡೆಯುತ್ತವೆ. ಹಣ ಕಟ್ಟಿ ಹೆಸರು ನೋಂದಾಯಿಸಬೇಕು. ಹೊಲಿಗೆ ಯಂತ್ರ, ಬಟ್ಟೆ, ಅರ್ಧಕ್ಕೆ ನಿಂತ ಕೆಲಸ ಎಲ್ಲವನ್ನೂ ಹೊತ್ತು ಹೋಗಬೇಕು. ಹೀಗೆ ಅರ್ಧಕ್ಕೆ ನಿಂತ ಹೊದಿಕೆಗಳಿಗೆ ಅವರು ತಮಾಷೆಗೆ 'ಯುಎಫ್‌ಒ' ಎನ್ನುತ್ತಾರೆ. ಮನೆಯಲ್ಲಿ ಒಂಟಿಯಾಗಿ ಮುಗಿಯದ ಕೆಲಸ ನಾಲ್ವರ ನಡುವೆ ಮುಗಿಯುತ್ತದೆ ಎಂಬುದೇ ಅದರ ಗುಟ್ಟು. ಈ ಗುಟ್ಟು ನಮ್ಮ ಪಡಸಾಲೆಗೆ ಹೊಸದಲ್ಲ.

ಒಂದು ಹೊದಿಕೆ, ಹಲವು ಹೆಸರು

ಉತ್ತರ ಕರ್ನಾಟಕದಲ್ಲಿ ಇದು ಕೌದಿ. ಮರಾಠಿ ಸೀಮೆಯಲ್ಲಿ ಗೋಧಡಿ. ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ. ರಾಜಸ್ಥಾನ ಮತ್ತು ಸಿಂಧ್ ಕಡೆ ರಲ್ಲಿ. ಹೆಸರು ಬೇರೆ, ಹುಟ್ಟು ಒಂದೇ. ಮೈಮೇಲೆ ಉಟ್ಟು ಸವೆದ ಬಟ್ಟೆಯನ್ನು ಬಿಸಾಡದೆ, ಪದರದ ಮೇಲೆ ಪದರ ಇಟ್ಟು, ಉದ್ದಕ್ಕೂ ಓಡುಹೊಲಿಗೆ ಹಾಕಿದರೆ ಅದು ಮತ್ತೆ ಹತ್ತಾರು ವರ್ಷ ಬಾಳುತ್ತದೆ. ಬಂಗಾಳದ ಹೆಂಗಸರು ದಾರವನ್ನೂ ಕೊಳ್ಳುತ್ತಿರಲಿಲ್ಲ. ಹಳೆಯ ಸೀರೆಯ ಅಂಚಿನಿಂದ ಬಣ್ಣದ ಎಳೆಗಳನ್ನು ಬಿಡಿಸಿ ಅದರಲ್ಲೇ ಹೊಲಿಯುತ್ತಿದ್ದರು.

ಇದರ ಹಿಂದೆ ಸರಳ ವಿಜ್ಞಾನವಿದೆ. ಹತ್ತಾರು ಬಾರಿ ಒಗೆದ ಹತ್ತಿ ಬಟ್ಟೆ ಮೃದುವಾಗಿರುತ್ತದೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಬಿಸಿಯನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಪದರಗಳು ಜಾರದಂತೆ, ಮುದುಡದಂತೆ ಕಾಯುವುದು ಹೊಲಿಗೆಯ ಸಾಲು. ಸಾಲುಗಳು ಹತ್ತಿರವಾದಷ್ಟೂ ಕೌದಿ ಗಟ್ಟಿ.

ಕಾಡಂಚಿನ ಮನೆಗಳ ಕವಂದಿ

ಕೌದಿಯ ಕಲೆ ಬೇರೆಯದೇ ರೂಪ ತಳೆದದ್ದು ಉತ್ತರ ಕನ್ನಡದ ಕಾಡಿನಂಚಿನಲ್ಲಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ಸಿದ್ದಿ ಜನ ನೆಲೆಸಿದ್ದಾರೆ. ಇವರ ಪೂರ್ವಜರು ಆಫ್ರಿಕಾದವರು. ಶತಮಾನಗಳ ಹಿಂದೆ ಅರಬ್ಬರ ಮತ್ತು ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದವರು. ಬಹಳ ಜನ ಗುಲಾಮರಾಗಿ ಬಂದರು. ಗೋವೆಯ ಯಜಮಾನರಿಂದ ತಪ್ಪಿಸಿಕೊಂಡವರು ಘಟ್ಟದ ಕಾಡಿನಲ್ಲಿ ನೆಲೆ ಕಂಡುಕೊಂಡರು. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 2003ರಲ್ಲಿ.

ಈ ಮನೆಗಳ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ನೋಡಿದವರ ಕಣ್ಣು ಅಲ್ಲೇ ನಿಲ್ಲುತ್ತದೆ. ಕೆಂಪಿನ ಪಕ್ಕ ಹಸಿರು, ಹಳದಿಯ ಮಗ್ಗುಲಲ್ಲಿ ನೀಲಿ, ಹೂವಿನ ಚೀಟಿಯ ಮೇಲೆ ಒಂದು ಚಿಕ್ಕ ಚೌಕ. ಕಾಗದದ ಮೇಲೆ ಬರೆದ ನಕ್ಷೆಯಿಲ್ಲ, ಅಳತೆ ಪಟ್ಟಿಯೂ ಇಲ್ಲ. ಎಲ್ಲವೂ ಕಣ್ಣಳತೆ, ಕೈಯಳತೆ.

ಹೊಲಿಯುವ ಕ್ರಮವೂ ವಿಶಿಷ್ಟ. ಪಾಶ್ಚಾತ್ಯರ ಕ್ರಮದಲ್ಲಿ ಮೊದಲು ತುಂಡುಗಳನ್ನೆಲ್ಲ ಜೋಡಿಸಿ ಮೇಲುಹಾಸು ತಯಾರಿಸುತ್ತಾರೆ. ಆಮೇಲೆ ನಡುವೆ ಹತ್ತಿಯ ಪದರ, ಕೆಳಗೆ ಅಸ್ತರು ಇಟ್ಟು ಮೂರನ್ನೂ ಕೂಡಿಸಿ ಹೊಲಿಯುತ್ತಾರೆ. ಸಿದ್ದಿ ಹೆಂಗಸರಿಗೆ ಇವು ಎರಡು ಕೆಲಸಗಳಲ್ಲ. ಅವರು ಸೀರೆಯನ್ನು ಕೆಳಗೆ ಹಾಸಿ, ಒಂದು ಮೂಲೆಯಲ್ಲಿ ಮೊದಲ ತುಂಡಿನ ಅಂಚು ಮಡಚಿ ಇಟ್ಟು ಹೊಲಿಯತೊಡಗುತ್ತಾರೆ. ತುಂಡು ಕೂಡುವುದೂ ಪದರ ಬಿಗಿಯುವುದೂ ಅದೇ ಹೊಲಿಗೆಯಲ್ಲಿ. ಅಂಚಿನುದ್ದಕ್ಕೂ ಸಾಗಿ, ನಾಲ್ಕೂ ಬದಿ ಸುತ್ತಿ, ಪ್ರದಕ್ಷಿಣೆ ಹಾಕಿದಂತೆ ಒಳಗೊಳಗೆ ಬಂದು ಕೊನೆಗೆ ನಟ್ಟನಡುವೆ ಮುಗಿಸುತ್ತಾರೆ.

ಮುಗಿದ ಕವಂದಿಯ ನಾಲ್ಕು ಮೂಲೆಗಳಲ್ಲಿ ತ್ರಿಕೋನವಾಗಿ ಮಡಚಿದ ಬಟ್ಟೆಯ ಪುಟ್ಟ ಹೂಗಳು ಇರಲೇಬೇಕು. ಅದಕ್ಕೆ 'ಫೂಲ' ಎನ್ನುತ್ತಾರೆ. ಹೂವಿಲ್ಲದಿದ್ದರೆ ಕವಂದಿ ಬೋಳು ಎಂಬ ಭಾವನೆ ಅವರದು. ಕ್ರೈಸ್ತರ ಮನೆಯ ಕವಂದಿಯಲ್ಲಿ ಶಿಲುಬೆಯೂ ಮುಸ್ಲಿಮರ ಮನೆಯದರಲ್ಲಿ ಅರ್ಧಚಂದ್ರವೂ ಕಾಣುವುದುಂಟು. ಮೂಲೆಯ ಹೂವು ಮಾತ್ರ ಎಲ್ಲರದು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಆಫ್ರಿಕಾದ ಕಲೆಯನ್ನು ಅಧ್ಯಯನ ಮಾಡಿದವರು. 2004ರಲ್ಲಿ ಸಿದ್ದಿಗಳ ಅಧ್ಯಯನಕ್ಕೆ ಬಂದ ಅವರ ಗಮನವನ್ನು ಹಿಡಿದದ್ದು ಈ ಕವಂದಿಗಳು. ಹೊಲಿಯುವ ಮಹಿಳೆಯರ ಸಹಕಾರ ಸಂಘವೊಂದು ರೂಪುಗೊಳ್ಳಲು ಅವರು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಕೂಸು ಮಲಗಿಸಲು, ಚಳಿಗೆ ಹೊದೆಯಲು ಹೊಲಿದದ್ದು ಗೋಡೆಯ ಮೇಲೆ ಚಿತ್ರದಂತೆ ತೂಗಿತು. ದೂರದವರು ನಿಂತು ನೋಡಿದ ಆ ಹೊಲಿಗೆಯನ್ನು ಕಲಿಸಿದ್ದು ಯಾವ ಕಲಾಶಾಲೆಯೂ ಅಲ್ಲ. ತಾಯಿಯ ಮಗ್ಗುಲಲ್ಲಿ ಕೂತು ಮಗಳು ನೋಡಿ ಕಲಿತದ್ದು ಅಷ್ಟೇ.

ಆತಂಕ ಇರುವುದೂ ಇಲ್ಲಿಯೇ. ನೋಡಿ ಕಲಿಯುವ ವಿದ್ಯೆ ಪುಸ್ತಕದಲ್ಲಿ ಕಾದು ಕೂರುವುದಿಲ್ಲ. ಮಗ್ಗುಲಲ್ಲಿ ಕೂರುವ ಮಗು ಇಲ್ಲದಿದ್ದರೆ ಒಂದೇ ತಲೆಮಾರಿನಲ್ಲಿ ಮುಗಿದುಹೋಗುತ್ತದೆ. ಕೌದಿ ಹೊಲಿಯಬಲ್ಲ ಅಜ್ಜಿ ಇನ್ನೂ ಅನೇಕ ಮನೆಗಳಲ್ಲಿದ್ದಾರೆ. ಅವರ ಪಕ್ಕದ ಜಾಗ ಮಾತ್ರ ಖಾಲಿಯಾಗುತ್ತಿದೆ.

ಸೂಜಿಯ ಮೊನೆಯಲ್ಲಿ ಲೆಕ್ಕ

ಹೊಲಿಗೆ ಕಲಿತರೆ ಓದು ಹಾಳಾದೀತೆಂಬ ಅಂಜಿಕೆ ಕೆಲವು ತಂದೆ ತಾಯಂದಿರದು. 1937ರಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ವಿಚಾರ ಇದಕ್ಕೆ ನೇರ ವಿರುದ್ಧ. ಕೈಕಸುಬನ್ನು ಪಾಠದ ಪಕ್ಕದಲ್ಲಿಡುವುದಲ್ಲ, ಕೈಕಸುಬಿನ ಮೂಲಕವೇ ಪಾಠ ಕಲಿಯಬೇಕು ಎಂದರು ಅವರು. ಕೌದಿಯನ್ನು ಹಿಡಿದು ಈ ಮಾತನ್ನು ಪರೀಕ್ಷಿಸಬಹುದು.

ತೊಟ್ಟಿಲ ಕೂಸಿಗೆ 90 ಸೆಂಟಿಮೀಟರ್ ಚೌಕದ ಕೌದಿ ಹೊಲಿಯಬೇಕೆನ್ನೋಣ. ಮೊದಲ ಸುತ್ತಿನ ಹೊಲಿಗೆ ಅಂಚಿನಿಂದ 1 ಸೆಂಟಿಮೀಟರ್ ಒಳಗೆ. ಅಂದರೆ ಬದಿಯ ಉದ್ದ 88, ಸುತ್ತಳತೆ 352 ಸೆಂಟಿಮೀಟರ್. ಮುಂದಿನ ಪ್ರತಿ ಸುತ್ತೂ 2 ಸೆಂಟಿಮೀಟರ್ ಒಳಕ್ಕೆ ಸರಿಯುತ್ತದೆ. ಆಗ ಬದಿ 4 ಸೆಂಟಿಮೀಟರ್ ತಗ್ಗುತ್ತದೆ, ಸುತ್ತಳತೆ 16 ತಗ್ಗುತ್ತದೆ. 352, 336, 320 ಎಂದು ಇಳಿಯುತ್ತ 22ನೇ ಸುತ್ತಿಗೆ 16ಕ್ಕೆ ಬಂದು ನಿಲ್ಲುತ್ತದೆ. ಹತ್ತನೇ ತರಗತಿಯ ವಿದ್ಯಾರ್ಥಿಗೆ ಇದು ಸಮಾಂತರ ಶ್ರೇಢಿ ಎಂದು ಹೇಳಿಕೊಡಬೇಕಿಲ್ಲ. ಮೊದಲ ಪದ ಮತ್ತು ಕೊನೆಯ ಪದ ಕೂಡಿಸಿದರೆ 368. ಅದರ ಅರ್ಧ 184. ಅದನ್ನು 22ರಿಂದ ಗುಣಿಸಿದರೆ 4048 ಸೆಂಟಿಮೀಟರ್. ಸುಮಾರು ನಲವತ್ತೂವರೆ ಮೀಟರ್ ಹೊಲಿಗೆ.

ಸೆಂಟಿಮೀಟರಿಗೆ ಒಂದರಂತೆ ಹಾಕಿದರೂ ನಾಲ್ಕು ಸಾವಿರಕ್ಕೆ ಮಿಕ್ಕಿದ ಹೊಲಿಗೆ. ಹೊಸಬರು ನಿಮಿಷಕ್ಕೆ 10 ಹೊಲಿಗೆ ಹಾಕಿದರೆ ಆರು ಮುಕ್ಕಾಲು ಗಂಟೆ. ದಿನಕ್ಕೆ ಒಂದು ಗಂಟೆ ಕೂತರೆ ಒಂದು ವಾರ. ನಾಲ್ಕು ಸಾವಿರ ಎಂದರೆ ಅಂಜುವ ಮಗು ದಿನಕ್ಕೊಂದು ಗಂಟೆ ಎಂದರೆ ಅಂಜುವುದಿಲ್ಲ. ಹನಿಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಹೀಗೆ ಮನವರಿಕೆ ಮಾಡುವುದು ಸುಲಭ.

ಇನ್ನೊಂದು ಪಾಠವೂ ಇದೆ. ಪರೀಕ್ಷೆಯಲ್ಲಿ ತಪ್ಪು ಬರೆದರೆ ಅಂಕ ಹೋಯಿತು, ಮುಗಿಯಿತು. ಹೊಲಿಗೆ ತಪ್ಪಿದರೆ ದಾರ ಬಿಚ್ಚಿ ಮತ್ತೆ ಹಾಕಬಹುದು. ಬಿಚ್ಚುವುದು ಸೋಲಲ್ಲ, ಅದೂ ಕೆಲಸದ ಒಂದು ಭಾಗ. ಅಂಕಪಟ್ಟಿಯ ಭಯದಲ್ಲಿರುವ ಮಕ್ಕಳಿಗೆ ಇದು ತಿಳಿದಿರುವುದು ಒಳ್ಳೆಯದು.

ಹೊಲಿಯುವುದು ಹೇಗೆ?

ಬೇಕಾಗುವ ಸಾಮಾನು ಮನೆಯಲ್ಲೇ ಇದೆ. ಒಂದು ಹಳೆಯ ಹತ್ತಿ ಸೀರೆ, ಸವೆದ ಹತ್ತಿ ಬಟ್ಟೆಗಳು, ದಪ್ಪ ಹತ್ತಿ ದಾರ, ಕಣ್ಣು ಅಗಲವಾದ ಸೂಜಿ, ಕತ್ತರಿ. ನೈಲಾನ್, ಜಾರ್ಜೆಟ್ ಬೇಡ. ಅವು ಜಾರುತ್ತವೆ, ಬೆವರನ್ನೂ ಹೀರುವುದಿಲ್ಲ. ಬಣ್ಣ ಬಿಡುವ ಬಟ್ಟೆಯನ್ನು ಮೊದಲೇ ನೆನೆಸಿ ನೋಡಿ ಬೇರೆ ಇಡಬೇಕು. ಎಲ್ಲವನ್ನೂ ಒಗೆದು, ಒಣಗಿಸಿ, ಇಸ್ತ್ರಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಸೀರೆಯಿಂದ ಒಂದು ಮೀಟರ್ ಚೌಕ ಕತ್ತರಿಸಿ ನೆಲಕ್ಕೆ ಹಾಸಬೇಕು. ಅದರ ಮೇಲೆ 90 ಸೆಂಟಿಮೀಟರ್ ಚೌಕದ ಒಂದೆರಡು ಪದರ ಹಳೆಯ ಬಟ್ಟೆ ಇಟ್ಟು, ಕೆಳಗಿನ ಸೀರೆಯ ಅಂಚನ್ನು ಸುತ್ತಲೂ 5 ಸೆಂಟಿಮೀಟರ್ ಒಳಕ್ಕೆ ಮಡಚಿದರೆ ಅಳತೆ ಸರಿಹೋಗುತ್ತದೆ. ಮೇಲಿನ ಚೌಕಗಳನ್ನು 17 ಸೆಂಟಿಮೀಟರಿಗೆ ಕತ್ತರಿಸಿ, ನಾಲ್ಕೂ ಬದಿ 1 ಸೆಂಟಿಮೀಟರ್ ಮಡಚಿದರೆ 15 ಉಳಿಯುತ್ತದೆ. ಸಾಲಿಗೆ ಆರರಂತೆ ಆರು ಸಾಲು, ಒಟ್ಟು 36 ಚೌಕ.

ಸಿದ್ದಿ ಹೆಂಗಸರಂತೆ ಮೂಲೆಯಿಂದ ಶುರು ಮಾಡಿ. ಒಂದು ಚೌಕ ಕೂಡುತ್ತಿದ್ದಂತೆ ಅದಕ್ಕೆ ಆನಿಸಿ ಮುಂದಿನದು. ದಾರ ಮೊಳದುದ್ದ ಇದ್ದರೆ ಸಾಕು, ಉದ್ದವಾದರೆ ಸಿಕ್ಕಾಗುತ್ತದೆ. ಪ್ರತಿ ಹೊಲಿಗೆಯೂ ಕೆಳಗಿನ ಸೀರೆಯವರೆಗೆ ಇಳಿದಿದೆಯೇ ಎಂದು ಆಗಾಗ ತಿರುಗಿಸಿ ನೋಡಬೇಕು. ದಾರವನ್ನು ಬಿಗಿಯಾಗಿ ಎಳೆದರೆ ಬಟ್ಟೆ ಮುದುಡುತ್ತದೆ, ಸಡಿಲ ಬಿಟ್ಟರೆ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಕೂರುವಾಗ ಎಷ್ಟು ಸೂಜಿ ತೆಗೆದಿರೋ ಏಳುವಾಗ ಅಷ್ಟೇ ಸೂಜಿ ಎಣಿಸಿ ಡಬ್ಬಿಗೆ ಹಾಕಬೇಕು. ಕೂಸು ಮಲಗುವ ಕೌದಿಯಲ್ಲಿ ಸೂಜಿ ಉಳಿಯಬಾರದು. ಚಿಕ್ಕ ಮಕ್ಕಳಿಗೆ ಸೂಜಿ ಕೊಡುವ ಬದಲು ಬಣ್ಣ ಜೋಡಿಸುವ ಕೆಲಸ ಕೊಡಬಹುದು. ಯಾವ ಬಣ್ಣದ ಪಕ್ಕ ಯಾವುದು ಎಂಬ ಜಗಳವೇ ಅವರಿಗೆ ಚಿತ್ರಕಲೆಯ ಪಾಠ.

ಹೊಲಿಗೆ ಹೆಣ್ಣುಮಕ್ಕಳ ಕೆಲಸ ಎಂದು ಹುಡುಗರನ್ನು ಎಬ್ಬಿಸಿ ಕಳಿಸುವ ರೂಢಿ ಕೆಲವು ಮನೆಗಳಲ್ಲಿದೆ. ಊರಿನ ದರ್ಜಿ ಅಂಗಡಿಗಳತ್ತ ಒಮ್ಮೆ ಕಣ್ಣು ಹಾಯಿಸಿದರೆ ಯಂತ್ರ ತುಳಿಯುತ್ತಿರುವವರಲ್ಲಿ ಗಂಡಸರೇ ಹೆಚ್ಚು. ಗುಂಡಿ ಕಿತ್ತುಹೋದಾಗ ತಾನೇ ಹಾಕಿಕೊಳ್ಳಬಲ್ಲ ಹುಡುಗ ಯಾರಿಗೂ ಕಾಯಬೇಕಿಲ್ಲ.

ಒಬ್ಬೊಬ್ಬರದು ಒಂದೊಂದು ಹೊಲಿಗೆ

ಸುಧಾ ಮೂರ್ತಿಯವರ 2017ರ 'ತ್ರೀ ಥೌಸಂಡ್ ಸ್ಟಿಚಸ್' ಪುಸ್ತಕದ ಹೆಸರಿನ ಹಿಂದೆ ಒಂದು ಕೌದಿಯಿದೆ. ಉತ್ತರ ಕರ್ನಾಟಕದಲ್ಲಿ ದೇವದಾಸಿ ಪದ್ಧತಿಯಿಂದ ಹೊರಬಂದ ಮೂರು ಸಾವಿರ ಮಹಿಳೆಯರು ತಲಾ ಒಂದೊಂದು ಹೊಲಿಗೆ ಹಾಕಿ ಅವರಿಗೆ ಕೊಟ್ಟ ಉಡುಗೊರೆ ಅದು. ಅಷ್ಟು ಜನರ ಕೃತಜ್ಞತೆಯನ್ನು ಹೇಳಲು ಅವರು ಆರಿಸಿಕೊಂಡದ್ದು ಸೂಜಿ ದಾರವನ್ನು.

ಮನೆಯ ಕೌದಿಗೂ ಇದೇ ರೀತಿ ಸಾಕು. ಅಪ್ಪ ಕಚೇರಿಯಿಂದ ಬಂದ ಮೇಲೆ ಒಂದು ಸಾಲು, ಅಮ್ಮ ಒಲೆ ಆರಿಸಿದ ಮೇಲೆ ಒಂದು ಸಾಲು. ಉಳಿದದ್ದು ಅಜ್ಜಿ ಮೊಮ್ಮಕ್ಕಳದು. ಕೈ ಸೂಜಿಯ ಮೇಲಿದ್ದಾಗ ಬಾಯಿಗೆ ಬಿಡುವು. ಯಾವ ಸೀರೆ ಯಾರ ಮದುವೆಯದು, ಯಾವ ಅಂಗಿ ಯಾವ ಜಾತ್ರೆಯದು ಎಂಬ ಕತೆಗಳು ತುಂಡಿನಿಂದ ತುಂಡಿಗೆ ಹೊರಬರುತ್ತವೆ. ಅಜ್ಜಿಯನ್ನು ಕೂರಿಸಿ ಹಳೆಯದನ್ನು ಹೇಳು ಎಂದರೆ ಇಷ್ಟು ಬರುವುದಿಲ್ಲ.

ಮುಗಿದ ಕೌದಿಯನ್ನು ಬಿಸಿಲಿಗೆ ಹಾಕಿದಾಗ ಸಾಲುಗಳು ಸ್ಪಷ್ಟವಾಗಿ ಕಾಣುತ್ತವೆ. ಅಜ್ಜಿಯ ಸಾಲು ಗೆರೆ ಎಳೆದಂತೆ ನೇರ. ಮಗುವಿನ ಮೊದಲ ಸಾಲು ಸೊಟ್ಟ, ಒಂದು ಹೊಲಿಗೆ ಉದ್ದ, ಒಂದು ಗಿಡ್ಡ. ಅದನ್ನು ಬಿಚ್ಚಿ ಸರಿಮಾಡುವ ಆಸೆ ದೊಡ್ಡವರಿಗೆ ಆಗುವುದು ಸಹಜ. ಆ ಒಂದು ಸಾಲನ್ನು ಮಾತ್ರ ಹಾಗೇ ಬಿಡಬೇಕು. ಮುಂದೆ ಆ ಮಗು ಓದಿಗೆಂದು ಪರಊರಿನ ಹಾಸ್ಟೆಲ್ ಸೇರುವ ದಿನ ಟ್ರಂಕಿನ ತಳಕ್ಕೆ ಇದೇ ಕೌದಿ ಹೋಗುತ್ತದೆ. ರಾತ್ರಿ ದೀಪ ಆರಿದ ಮೇಲೆ ಬೆರಳಾಡಿಸಿದರೂ ಗೊತ್ತಾಗುತ್ತದೆ, ಯಾವುದು ತನ್ನ ಸಾಲು, ಯಾವುದು ಅಜ್ಜಿಯದು.