ಒಣದ್ರಾಕ್ಷಿಯ ಪಾಠ ಶಾಲೆಯ ಮೆಟ್ಟಿಲು ಹತ್ತಿದ್ದು

ಮಕ್ಕಳ ಆತಂಕ, ಖಿನ್ನತೆಗೆ ಇಂದು ಕೊಡುವ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನವಿಡುವ) ಚಿಕಿತ್ಸೆ ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್-ಝಿನ್ ಎಂಬ ಆಣ್ವಿಕ ಜೀವವಿಜ್ಞಾನಿ, ಯಾವ ಮದ್ದಿಗೂ ಬಗ್ಗದ ನೋವಿನಿಂದ ಬೇಸತ್ತವರಿಗೆ ವಾರಗಟ್ಟಲೆ ನಡೆಯುವ ತರಗತಿ ಶುರು ಮಾಡಿದರು. ಅಂಗೈಯಲ್ಲಿ ಒಂದು ಒಣದ್ರಾಕ್ಷಿ ಇಟ್ಟು, ಮೊದಲ ಬಾರಿಗೆ ಕಂಡಂತೆ ಅದನ್ನು ನೋಡಿ, ಮೂಸಿ, ನಿಧಾನವಾಗಿ ಅಗಿಯಿರಿ ಎನ್ನುವುದು ಅವರ ಹೆಸರಾಂತ ಪಾಠ. ಕಾಲ್ಬೆರಳಿನಿಂದ ತಲೆಯವರೆಗೆ ಮೈಯನ್ನೆಲ್ಲ ಗಮನದಿಂದ ತಡವುವ ಅಭ್ಯಾಸವೊಂದೂ ಇತ್ತು. ಅದು ಬಂದದ್ದು ಬರ್ಮಾದ ಬೌದ್ಧ ಧ್ಯಾನಗುರು ಊ ಬಾ ಖಿನ್ ಅವರ ಪರಂಪರೆಯಿಂದ. ಗೋಯೆಂಕಾ ಅವರ ಹತ್ತು ದಿನದ ವಿಪಶ್ಯನ ಶಿಬಿರದಲ್ಲಿ ಬಾಯಿ ಮುಚ್ಚಿ ಕೂತು ಬಂದ ಕನ್ನಡಿಗರಿಗೆ ಇದು ಪರಿಚಿತವೇ. ಗೋಯೆಂಕಾ ಕೂಡ ಅದೇ ಗುರುವಿನ ಶಿಷ್ಯರು. ಕಬಟ್-ಝಿನ್ ಮಾತ್ರ ಬುದ್ಧನ ಹೆಸರನ್ನು ಆಸ್ಪತ್ರೆಯ ಹೊರಗೇ ಬಿಟ್ಟು, ಅಭ್ಯಾಸವನ್ನಷ್ಟೇ ಒಳಗೆ ತಂದರು.

ಮನೋರೋಗ ಚಿಕಿತ್ಸೆಗೆ ಇದನ್ನು ಒಗ್ಗಿಸಿದವರು ಮನೋವಿಜ್ಞಾನಿಗಳಾದ ಝಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್. ಖಿನ್ನತೆಯಿಂದ ಚೇತರಿಸಿಕೊಂಡ 145 ಜನರ ಮೇಲೆ ಅವರು ನಡೆಸಿದ ಪರೀಕ್ಷೆ 2000ದಲ್ಲಿ ಪ್ರಕಟವಾಯಿತು. ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಜಾರಿದ್ದವರಲ್ಲಿ ಮಾಮೂಲಿ ಚಿಕಿತ್ಸೆ ಪಡೆದ ಶೇ 66 ಮಂದಿಗೆ ಕಾಯಿಲೆ ಮರುಕಳಿಸಿದರೆ, ಈ ತರಬೇತಿಯನ್ನೂ ಪಡೆದವರಲ್ಲಿ ಶೇ 37 ಮಂದಿಗೆ ಮಾತ್ರ. ಎರಡೇ ಸಲ ಖಿನ್ನತೆ ಕಂಡವರಿಗೆ ಲಾಭವೇ ಆಗಲಿಲ್ಲ. ಮುಂದಿನ ಕಥೆಗೆ ಈ ಎರಡನೇ ಸಂಗತಿಯೇ ಮುಖ್ಯ. ಉತ್ಸಾಹದಲ್ಲಿ ಅದನ್ನು ನೆನಪಿಟ್ಟುಕೊಂಡವರು ಕಡಿಮೆ.

ಮಕ್ಕಳಿಗೆ ತಕ್ಕಂತೆ ಇದನ್ನು ಬದಲಾಯಿಸಿದವರಲ್ಲಿ ಮೊದಲಿಗರು ರ‍್ಯಾಂಡಿ ಸೆಂಪಲ್ ಮತ್ತು ಜೆನಿಫರ್ ಲೀ. ಹತ್ತು ವರ್ಷದ ಮಗು ಅರ್ಧ ಗಂಟೆ ಕಣ್ಣು ಮುಚ್ಚಿ ಕೂರುವುದಿಲ್ಲ, ಇದು ಯಾವ ತಾಯಿಗೂ ಗೊತ್ತು. ಆದ್ದರಿಂದ ದೊಡ್ಡವರ ಎಂಟು ವಾರಗಳ ತರಬೇತಿ ಹನ್ನೆರಡು ವಾರಗಳದ್ದಾಯಿತು, ಒಂದೊಂದು ತರಗತಿ ತೊಂಬತ್ತು ನಿಮಿಷಕ್ಕೆ ಇಳಿಯಿತು. ದೀರ್ಘ ಧ್ಯಾನದ ಬದಲು ಕೆಲವೇ ನಿಮಿಷಗಳ ಉಸಿರಿನ ಅಭ್ಯಾಸ ಬಂತು. ಕೇಳು, ಮುಟ್ಟು, ಮೂಸು, ಚಿತ್ರ ಬಿಡಿಸು ಎಂಬ ಆಟಗಳು ಬಂದವು. ಅಪ್ಪ ಅಮ್ಮಂದಿರನ್ನೂ ಜೊತೆಗೆ ಸೇರಿಸಿಕೊಂಡರು. 2010ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿದ್ದವರು 25 ಮಕ್ಕಳು, 9ರಿಂದ 13ರ ವಯಸ್ಸಿನವರು, ಹೆಚ್ಚಿನವರು ನಗರದ ಬಡ ಮನೆಗಳವರು. ಓದಿನಲ್ಲಿ ಹಿಂದೆ ಬಿದ್ದು ವಿಶೇಷ ಪಾಠಕ್ಕೆ ಬರುತ್ತಿದ್ದವರು. ಗಮನ ಚದುರುವುದು ಕಡಿಮೆಯಾಯಿತು. ಆತಂಕ ಇಳಿದದ್ದು ಮೊದಲೇ ವಿಪರೀತ ಆತಂಕವಿದ್ದ ಮಕ್ಕಳಲ್ಲಿ. ಇದು ಪುಟ್ಟ ಪರೀಕ್ಷೆ, ನಿಜ. ಆದರೆ ಫಲ ಯಾರಿಗೆ ಎಂದು ಮಕ್ಕಳ ವಿಷಯದಲ್ಲೂ ಅದು ತೋರಿಸಿತ್ತು. ಅದಕ್ಕೂ ಮುಂಚೆ, 2009ರಲ್ಲಿ, ಜೀನಾ ಬೀಗಲ್ ತಂಡದ ಅಧ್ಯಯನದಲ್ಲಿ ಲಾಭ ಕಂಡ 14ರಿಂದ 18ರ ಹದಿಹರೆಯದವರೂ ಮನೋಚಿಕಿತ್ಸೆಗೆಂದು ಆಸ್ಪತ್ರೆಗೆ ಬರುತ್ತಿದ್ದವರೇ.

ಕೆಲವರಿಗೆ ಒಳ್ಳೆಯದಾದದ್ದನ್ನು ಎಲ್ಲರಿಗೂ ಮೊದಲೇ ಕೊಟ್ಟುಬಿಟ್ಟರೆ? ಲಸಿಕೆಯ ಹಾಗೆ? ಇಂಗ್ಲೆಂಡಿನಲ್ಲಿ ಕೆಲವು ಶಿಕ್ಷಕರು ಸೇರಿ ಇದಕ್ಕೊಂದು ಶಾಲಾ ಪಠ್ಯಕ್ರಮವನ್ನೇ ರೂಪಿಸಿದರು. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರ ಜುಲೈಯಲ್ಲಿ ದಲೈ ಲಾಮಾ ಎದುರಲ್ಲಿ ಶುರುವಾದ 'ಹ್ಯಾಪಿನೆಸ್' ತರಗತಿಯೂ ಉಸಿರಿನ ಗಮನದಿಂದಲೇ ಆರಂಭವಾಗುತ್ತಿತ್ತು. ಅದಕ್ಕೆ ಪರೀಕ್ಷೆಯಾಗಲಿ ಅಂಕವಾಗಲಿ ಇರಲಿಲ್ಲ, ಅದೇ ಮಕ್ಕಳಿಗೆ ದೊಡ್ಡ ನೆಮ್ಮದಿ ಎನ್ನಬೇಕು.

ಈ ಆಸೆಯನ್ನು ಒರೆಗೆ ಹಚ್ಚಿದ್ದು ಬ್ರಿಟನ್ನಿನ 'ಮಿರಿಯಡ್' ಪರೀಕ್ಷೆ. ಆಕ್ಸ್‌ಫರ್ಡಿನ ವಿಲ್ಲೆಮ್ ಕೌಕೆನ್ ಮುಂದಾಳು, ಮಾರ್ಕ್ ವಿಲಿಯಮ್ಸ್ ಕೂಡ ತಂಡದಲ್ಲಿದ್ದರು. 85 ಶಾಲೆಗಳು, ಎಂಟು ಸಾವಿರಕ್ಕೂ ಮಿಕ್ಕಿದ ವಿದ್ಯಾರ್ಥಿಗಳು, ಬಹುತೇಕ 11ರಿಂದ 13ರ ವಯಸ್ಸಿನವರು, ಹತ್ತು ಪಾಠ. 2022ರಲ್ಲಿ ಬಂದ ಫಲಿತಾಂಶ: ಶಾಲೆಯಲ್ಲಿ ಈಗಾಗಲೇ ನಡೆಯುತ್ತಿದ್ದ ಜೀವನಕೌಶಲದ ಪಾಠಕ್ಕಿಂತ ಇದರಿಂದ ಹೆಚ್ಚಿನ ಉಪಯೋಗವಿಲ್ಲ. ಮೊದಲೇ ನೊಂದಿದ್ದ ಮಕ್ಕಳ ಸ್ಥಿತಿ ತುಸು ಹದಗೆಟ್ಟ ಸೂಚನೆಯೂ ಇತ್ತು. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಿರಲೇ ಇಲ್ಲ. ಮಾಡಲು ಅವರಿಗೆ ಕಾರಣವಾದರೂ ಏನಿತ್ತು? ಕಬಟ್-ಝಿನ್ ಅವರ ಮೊದಲ ರೋಗಿಗಳು ನೋವು ತಾಳಲಾರದೆ ಬಂದವರು. ಇವರ ಬಳಿಗೆ ಅದು ವೇಳಾಪಟ್ಟಿಯಲ್ಲಿ ಬಂದಿತ್ತು. ಆಪ್ತ ಸಲಹೆಗಾರರೊಬ್ಬರ ಹುದ್ದೆಯನ್ನೂ ತುಂಬದೆ ಧ್ಯಾನದ ಪೀರಿಯಡ್ ಇಟ್ಟು ಕೈತೊಳೆದುಕೊಳ್ಳುವ ಶಾಲೆಗಳು ಈ ವರದಿಯನ್ನು ಒಮ್ಮೆ ಓದಬೇಕು.

ಅದೇ ಪರೀಕ್ಷೆಯಲ್ಲಿ ಕೆಲಸದ ದಣಿವು ಕೆಲಕಾಲವಾದರೂ ಇಳಿದದ್ದು ಶಿಕ್ಷಕರಲ್ಲಿ. ಮಕ್ಕಳಿಗೆ ಕಲಿಸುವ ಮೊದಲು ಅವರು ಸ್ವತಃ ಆ ಅಭ್ಯಾಸವನ್ನು ವಾರಗಟ್ಟಲೆ ಕಲಿತಿದ್ದರು.